ಮನೆಗೆ ಹಣ ಬಂತು, ಮನೆಯ ಮುಂದಿನ ಚರಂಡಿಗೆ ಏಕೆ ಬರಲಿಲ್ಲ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರವನು. ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಮ್ಮೂರಿನ ಹೊರಗೆ ಎರಡು ಎಕರೆ ಗೋಮಾಳದಲ್ಲಿ 30–40 ಅಳತೆಯ 36 ನಿವೇಶನಗಳನ್ನು ಮಾಡಿ ಬಡ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ನನ್ನ ಅಣ್ಣನಿಗೂ ಒಂದು ಸಿಕ್ಕಿತು, ಸರ್ಕಾರದ ಸಹಾಯಧನದಲ್ಲಿ ಮನೆಯೂ ಎದ್ದಿತು. ಆದರೆ ಅಲ್ಲಿಗೆ ರಸ್ತೆಯಿಲ್ಲ, ನಲ್ಲಿಯಿಲ್ಲ, ಚರಂಡಿಯಿಲ್ಲ. ವಿದ್ಯುತ್ ಕಂಬ ಊರಿನ ಕೊನೆಯ ಮನೆಗೇ ನಿಂತಿದೆ. ಐದು ಕುಟುಂಬಗಳು ಮಾತ್ರ ಅಲ್ಲಿ ವಾಸವಾಗಿವೆ, ಅಣ್ಣ ಇನ್ನೂ ಹಳೆಯ ಮನೆಯಲ್ಲೇ ಇದ್ದಾನೆ. ಕೇಳಿದರೆ ಪಂಚಾಯಿತಿಯವರು ಅನುದಾನವಿಲ್ಲ ಎನ್ನುತ್ತಾರೆ, ತಾಲ್ಲೂಕು ಕಚೇರಿಯವರು ಅದು ಪಂಚಾಯಿತಿಯ ಕೆಲಸ ಎನ್ನುತ್ತಾರೆ. ಇಂಥ ಸೌಕರ್ಯಗಳಿಗೆ ಸರ್ಕಾರದಲ್ಲಿ ಹಣವೇ ಇಲ್ಲವೇ, ಅಥವಾ ಎಲ್ಲವೂ ಬೆಂಗಳೂರಿಗೇ ಖರ್ಚಾಗುತ್ತಿದೆಯೇ? ನಾವು ಏನನ್ನು, ಯಾರನ್ನು ಕೇಳಬೇಕು?

ಉತ್ತರ: ನಿಮಗೆ ಉತ್ತರ ಕೊಟ್ಟ ಎರಡು ಕಚೇರಿಗಳೂ ಸುಳ್ಳು ಹೇಳಿಲ್ಲ ಎಂಬುದೇ ಈ ಸಂಗತಿಯ ಕಷ್ಟದ ಭಾಗ. ಮನೆಯ ಹಣ ಒಬ್ಬ ಫಲಾನುಭವಿಯ ಹೆಸರಿನಲ್ಲಿ, ಅವರ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಅದು ತಡವಾದರೆ ಕೇಳುವವರು ಇದ್ದಾರೆ, ಕೇಳಿದಾಗ ತೋರಿಸಲು ಒಂದು ಸಂಕೇತ ಸಂಖ್ಯೆಯೂ ಇದೆ. ಬಡಾವಣೆಯ ರಸ್ತೆ, ನೀರು, ಚರಂಡಿ, ಬೀದಿದೀಪಗಳ ಹಣ ಮಾತ್ರ ಯಾರ ಹೆಸರಿಗೂ ಬರುವುದಿಲ್ಲ. ಅದು ನಾಲ್ಕೈದು ಬೇರೆ ಬೇರೆ ಜೇಬುಗಳಲ್ಲಿ ಹಂಚಿಹೋಗಿರುತ್ತದೆ, ಪ್ರತಿ ಜೇಬಿಗೂ ತನ್ನದೇ ನಿಯಮ, ತನ್ನದೇ ಕಾಲ. ಆದ್ದರಿಂದ ಹಣವಿಲ್ಲ ಎನ್ನುವುದಕ್ಕಿಂತ, ಆ 36 ನಿವೇಶನಗಳಿಗಾಗಿ ಆ ಜೇಬುಗಳನ್ನು ಒಟ್ಟಿಗೆ ತೆರೆಯುವ ಹೊಣೆಯನ್ನು ಯಾರಿಗೂ ವಹಿಸಿಲ್ಲ ಎನ್ನುವುದು ಹೆಚ್ಚು ಸರಿ.

ಮೊದಲು ಮನೆಯ ಹಣವನ್ನೇ ನೋಡೋಣ, ಏಕೆಂದರೆ ಸೌಕರ್ಯದ ಹಣವೂ ಅದರಲ್ಲೇ ಸೇರಿದೆ ಎಂದು ಹಲವರು ಭಾವಿಸಿರುತ್ತಾರೆ. ಇಂದಿರಾ ಆವಾಸ್ ಯೋಜನೆಯ ಬದಲಿಗೆ 2016ರಲ್ಲಿ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ ಸಿಗುತ್ತದೆ. ಅದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ ಇರಬೇಕು. ಭಾಗಿಸಿ ನೋಡಿದರೆ ಚದರ ಅಡಿಗೆ ಬರುವುದು ಸುಮಾರು 446 ರೂಪಾಯಿ. ಇದಕ್ಕೆ ಉದ್ಯೋಗ ಖಾತ್ರಿಯಿಂದ 90 ಮಾನವ ದಿನಗಳ ಕೂಲಿ (2025–26ರ ದಿನಗೂಲಿ 370 ರೂಪಾಯಿಯಂತೆ 33,300 ರೂಪಾಯಿ) ಮತ್ತು ಶೌಚಾಲಯಕ್ಕೆ ಸ್ವಚ್ಛ ಭಾರತದ 12 ಸಾವಿರವನ್ನು ಸೇರಿಸಿದರೂ ಮೊತ್ತ 1,65,300 ದಾಟುವುದಿಲ್ಲ. ಚದರ ಅಡಿಗೆ 614 ರೂಪಾಯಿಯ ಸುಮಾರು. ಆ ದರಕ್ಕೆ ತಾರಸಿ ಮನೆ ಕಟ್ಟಿಕೊಡುವ ಗಾರೆ ಮೇಸ್ತ್ರಿ ನನಗಂತೂ ಗೊತ್ತಿಲ್ಲ. ರಾಜ್ಯದ ಬಸವ ವಸತಿ ಯೋಜನೆಯ ಮೊತ್ತವೂ 1.20 ಲಕ್ಷವೇ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇರುವ ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಅದು ಗ್ರಾಮೀಣ ಭಾಗಕ್ಕೆ 1.75 ಲಕ್ಷ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ‘ಜಿಪಿಎಸ್’ (ಸ್ಥಳದ ಗುರುತಿನೊಂದಿಗೆ ಮನೆಯ ಚಿತ್ರ ತೆಗೆಯುವುದು) ಆದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಹೀಗೆ ಗೋಡೆಗೇ ಸಾಲದ ಹಣದಲ್ಲಿ ಗೋಡೆಯಾಚೆಗಿನ ಚರಂಡಿಗೆ ಒಂದು ರೂಪಾಯಿಯೂ ಇಲ್ಲ. ಯೋಜನೆಯ ಮಾರ್ಗಸೂಚಿ ನೀರು, ವಿದ್ಯುತ್ತು, ಶೌಚಾಲಯಗಳನ್ನು ಬೇರೆ ಯೋಜನೆಗಳೊಂದಿಗೆ ‘ಒಗ್ಗೂಡಿಸುವಿಕೆ’ಯ ಮೂಲಕ ಒದಗಿಸಬೇಕು ಎನ್ನುತ್ತದೆ. ಸರ್ಕಾರಿ ಕನ್ನಡದಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವ ಪದ ಅದು, ಏಕೆಂದರೆ ಒಗ್ಗೂಡಿಸಬೇಕಾದವರು ಯಾರು ಎಂಬ ಕರ್ತೃಪದ ಅದರ ಹಿಂದೆ ಇರುವುದೇ ಇಲ್ಲ.

ಇನ್ನು ನಿವೇಶನ. ಗೋಮಾಳ ಅಥವಾ ಸರ್ಕಾರಿ ಜಮೀನನ್ನು ಗುರುತಿಸಿ ಕೊಡುವುದು ಕಂದಾಯ ಇಲಾಖೆ. ರಾಜ್ಯದಲ್ಲಿ ವಸತಿ ಯೋಜನೆಗಳನ್ನು ನಡೆಸುವುದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಜೀವ್ ಗಾಂಧಿ ವಸತಿ ನಿಗಮ. ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ನಿಮ್ಮ ಲೆಕ್ಕವನ್ನು ನಾನು ಪರೀಕ್ಷಿಸಿ ನೋಡಿದೆ. ಎರಡು ಎಕರೆ ಎಂದರೆ 87,120 ಚದರ ಅಡಿ, ಅದರಲ್ಲಿ ಅರ್ಧ ರಸ್ತೆ, ಚರಂಡಿ, ಸಾರ್ವಜನಿಕ ಜಾಗಗಳಿಗೆ ಹೋದರೆ 1,200 ಚದರ ಅಡಿಯ 36 ನಿವೇಶನಗಳೇ ಉಳಿಯುತ್ತವೆ. ಅಂದರೆ ನಕ್ಷೆ ಮಾಡಿದವರು ರಸ್ತೆಗೂ ಚರಂಡಿಗೂ ಜಾಗವನ್ನು ಸರಿಯಾಗಿಯೇ ಬಿಟ್ಟಿದ್ದಾರೆ. ನಿಮ್ಮೂರಿನಲ್ಲಿ ಜಾಗದ ಕೊರತೆ ಇಲ್ಲ, ಕಾಗದದ ಮೇಲೆ ರಸ್ತೆ ಇದೆ. ಇದನ್ನು ಸಣ್ಣ ಸಂಗತಿ ಎಂದುಕೊಳ್ಳಬೇಡಿ. ಎಷ್ಟೋ ಊರುಗಳಲ್ಲಿ ನಿವೇಶನದ ಸಂಖ್ಯೆ ಹೆಚ್ಚಿಸುವ ಒತ್ತಡಕ್ಕೆ 20–30 ಅಳತೆಗೆ ಇಳಿದು, ರಸ್ತೆಯನ್ನೂ ಹನ್ನೆರಡು ಅಡಿಗೆ ಕತ್ತರಿಸಿ, ಮುಂದೆ ಯಾವ ಅನುದಾನ ಬಂದರೂ ಒಂದು ನೀರಿನ ಟ್ಯಾಂಕರ್ ತಿರುಗದಂತೆ ಮಾಡಿಕೊಂಡಿದ್ದಾರೆ.

ಈಗ ಆ ಜೇಬುಗಳ ವಿಚಾರ. ನೀರಿನದು ಹೆಚ್ಚು ತುಂಬಿದ ಜೇಬು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಸಿಕೊಂಡದ್ದು, ದಿನಕ್ಕೆ ತಲೆಗೆ 55 ಲೀಟರ್ ನೀರನ್ನು ನಲ್ಲಿಯಲ್ಲಿ ಕೊಡುವ ಗುರಿಯದು. ಕರ್ನಾಟಕದಲ್ಲಿ ಕೇಂದ್ರ ಮತ್ತು ರಾಜ್ಯ ಸಮಪಾಲು ಹಾಕುತ್ತವೆ, ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಜನರ ವಂತಿಗೆಯೂ ಒಂದು ಪಾಲು. ಆದರೆ ಈ ಹಣ ಊರಿನ ವಿಸ್ತೃತ ಯೋಜನಾ ವರದಿಯನ್ನು ಆಧರಿಸಿ ಬರುತ್ತದೆ, ಆ ವರದಿ ಅಂದು ಇದ್ದ ಮನೆಗಳನ್ನು ಎಣಿಸಿರುತ್ತದೆ. ನಿಮ್ಮ ಬಡಾವಣೆಗೆ ಹಕ್ಕುಪತ್ರ ಬಂದದ್ದು ಆ ಎಣಿಕೆಯ ನಂತರವಾಗಿದ್ದರೆ, ಕಡತದ ಪ್ರಕಾರ ನಿಮ್ಮೂರು ಪೂರ್ತಿ ನಲ್ಲಿ ಪಡೆದ ಊರಾಗಿರುತ್ತದೆ, ನಿಮ್ಮ ಅಣ್ಣನ ಮನೆ ಮಾತ್ರ ಆ ಊರಿನೊಳಗೆ ಇರುವುದಿಲ್ಲ. ನೀವು ಮೊದಲು ಪತ್ತೆ ಮಾಡಬೇಕಾದದ್ದು ಇದನ್ನೇ.

ಎರಡನೆಯ ಜೇಬು ಕೇಂದ್ರ ಹಣಕಾಸು ಆಯೋಗದ್ದು. 15ನೇ ಆಯೋಗ 2021ರಿಂದ 2026ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿಯನ್ನು ಶಿಫಾರಸು ಮಾಡಿತು. ಅದರಲ್ಲಿ ಶೇ 60 ಷರತ್ತಿನ ಹಣ, ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಲು ಬಿಟ್ಟ ಹಣ. ಒಟ್ಟು ಅನುದಾನದ ಕನಿಷ್ಠ ಶೇ 70 ಗ್ರಾಮ ಪಂಚಾಯಿತಿಗಳಿಗೇ ತಲುಪಬೇಕು. ಇದರ ಅರ್ಥವೇನೆಂದರೆ, ‘ಅನುದಾನವಿಲ್ಲ’ ಎಂದ ಪಂಚಾಯಿತಿಯ ಖಾತೆಗೆ ಚರಂಡಿಯ ಹೆಸರಿನಲ್ಲೇ ಪ್ರತಿ ವರ್ಷ ಒಂದಿಷ್ಟು ಹಣ ಬಂದಿರುತ್ತದೆ. ಅದು ಬೇರೆ ವಾರ್ಡಿನ ಚರಂಡಿಗೆ ಹೋಗಿರುತ್ತದೆ, ಅಷ್ಟೇ. 2026–31ರ ಐದು ವರ್ಷಗಳು 16ನೇ ಆಯೋಗದ ಅವಧಿಗೆ ಸೇರುವುದರಿಂದ ಷರತ್ತುಗಳನ್ನು ಹೊಸದಾಗಿ ಓದಿಕೊಳ್ಳಬೇಕಾಗುತ್ತದೆ.

ಮೂರನೆಯದು ಉದ್ಯೋಗ ಖಾತ್ರಿ. ಕಾಂಕ್ರೀಟ್ ರಸ್ತೆ, ಬಾಕ್ಸ್ ಚರಂಡಿಗಳಿಗೆ ಹಳ್ಳಿಗಳಲ್ಲಿ ಹೆಚ್ಚು ಒದಗಿಬಂದದ್ದು ಇದೇ. 2005ರ ಕಾಯ್ದೆಯಲ್ಲಿ ಕೂಲಿಯ ಪೂರ್ತಿ ಹಣವನ್ನೂ ಸಾಮಗ್ರಿಯ ಮುಕ್ಕಾಲು ಪಾಲನ್ನೂ ಕೇಂದ್ರ ಕೊಡುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ ತಂದ ಕಾಯ್ದೆಯಲ್ಲಿ ಖಾತ್ರಿ 125 ದಿನಕ್ಕೆ ಏರಿದೆ, ಆದರೆ ನಮ್ಮಂಥ ರಾಜ್ಯಗಳು ವೆಚ್ಚದ ಶೇ 40 ಭರಿಸಬೇಕಾಗಿದೆ. ನಿಮ್ಮ ಬಡಾವಣೆಯ ರಸ್ತೆಯ ದೃಷ್ಟಿಯಿಂದ ಇದು ಶುಭವಾರ್ತೆಯೆಂದು ನನಗನ್ನಿಸುವುದಿಲ್ಲ. ಇದುವರೆಗೆ ರಾಜ್ಯದ ಬೊಕ್ಕಸಕ್ಕೆ ಅಷ್ಟಾಗಿ ತಾಗದಿದ್ದ ಒಂದು ದಾರಿ, ಇನ್ನು ಮುಂದೆ ರಾಜ್ಯದ ಇತರ ವೆಚ್ಚಗಳೊಂದಿಗೆ ಪೈಪೋಟಿಗೆ ಇಳಿಯುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿ 1995–96ರಿಂದ ಇದೆ. ಆದರೆ ಅದು ರಾಜ್ಯ ಸರ್ಕಾರ ಪಡೆದು ಏಳು ವರ್ಷದೊಳಗೆ ತೀರಿಸಬೇಕಾದ ಸಾಲ, ಸೇತುವೆ, ಊರುಗಳ ನಡುವಿನ ರಸ್ತೆ, ಶಾಲಾ ಕೊಠಡಿಗಳಂಥ ಕಾಮಗಾರಿಗಳಿಗೆ ಒದಗುತ್ತದೆಯೇ ಹೊರತು 36 ನಿವೇಶನಗಳ ಒಳರಸ್ತೆಗೆ ಅಲ್ಲ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದರ ಮೇಲೆ ಇಡೀ ಕ್ಷೇತ್ರದ ಕಣ್ಣು. ನಿಮ್ಮ ಬಡಾವಣೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಕುಟುಂಬಗಳು ಹೆಚ್ಚಿದ್ದರೆ 2013ರ ರಾಜ್ಯ ಕಾಯ್ದೆಯಂತೆ ಅವರ ಜನಸಂಖ್ಯೆಗೆ ಅನುಗುಣವಾಗಿ ಮೀಸಲಿಡುವ ಉಪಯೋಜನೆಯ ಹಣದಲ್ಲಿ ರಸ್ತೆ, ಚರಂಡಿಗೆ ಅವಕಾಶವಿದೆ. ವಿದ್ಯುತ್ ಕಂಬ ಮತ್ತು ಪರಿವರ್ತಕದ ವೆಚ್ಚವನ್ನು ಬಡಾವಣೆ ಮಾಡಿದವರು ಕಟ್ಟಬೇಕು ಎಂಬುದು ವಿದ್ಯುತ್ ಕಂಪನಿಗಳ ಸಾಮಾನ್ಯ ನಿಲುವು. ಬಡಾವಣೆ ಮಾಡಿದ್ದೇ ಸರ್ಕಾರವಾದಾಗ ಆ ಕಟ್ಟುವವರು ಯಾರು ಎಂಬುದರಲ್ಲೇ ನಿಮ್ಮ ಕಂಬ ನಿಂತಿದೆ.

ಇಷ್ಟು ಜೇಬುಗಳಿದ್ದೂ ನಿಮ್ಮೂರಿಗೆ ಏಕೆ ಬರಲಿಲ್ಲ? ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಗ್ರಾಮೀಣ ವಸತಿ 10ನೆಯ ವಿಷಯ, ಕುಡಿಯುವ ನೀರು 11ನೆಯದು. ಅಲ್ಲಿ ಅಕ್ಕಪಕ್ಕದಲ್ಲಿರುವ ಇವು ಆಡಳಿತದಲ್ಲಿ ಬೇರೆ ಬೇರೆ ಇಲಾಖೆಗಳು. ಇವೆರಡೂ ಮತ್ತೆ ಒಂದೇ ಮೇಜಿನ ಮೇಲೆ ಸೇರುವುದು ಗ್ರಾಮ ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಮಾತ್ರ. ಆ ಮೇಜಿನ ಸುತ್ತ ಕುಳಿತವರನ್ನು ಗಮನಿಸಿ. ಕರ್ನಾಟಕದಲ್ಲಿ ಸುಮಾರು 400 ಜನರಿಗೆ ಒಬ್ಬ ಪಂಚಾಯಿತಿ ಸದಸ್ಯ. 36 ಕುಟುಂಬಗಳೆಲ್ಲ ಬಡಾವಣೆಗೆ ಹೋಗಿ ನೆಲೆಸಿದರೂ ಅಲ್ಲಿರುವುದು ಸುಮಾರು 160 ಜನ, ಒಬ್ಬ ಸದಸ್ಯನ ಅರ್ಧ ಕ್ಷೇತ್ರವೂ ಅಲ್ಲ. ಈಗ ಅಲ್ಲಿರುವುದು ಐದು ಕುಟುಂಬ. ಉಳಿದವರ ಮತ, ಪಡಿತರ, ವಿಳಾಸ ಎಲ್ಲವೂ ಹಳೆಯ ಬೀದಿಯಲ್ಲೇ ಇದೆ, ಹಾಗಾಗಿ ಅವರ ಸದಸ್ಯರೂ ಹಳೆಯ ಬೀದಿಗೇ ಕಾಂಕ್ರೀಟ್ ಕೇಳುತ್ತಾರೆ, ಮತ ಕೇಳಬೇಕಾದವರು ಹಾಗೆ ಕೇಳುವುದು ಸಹಜವೂ ಹೌದು. ಜನ ಇಲ್ಲದ್ದರಿಂದ ಹಣ ಬರುವುದಿಲ್ಲ, ಹಣ ಬಾರದ್ದರಿಂದ ಜನ ಹೋಗುವುದಿಲ್ಲ. ಖಾಲಿ ಬಿದ್ದ ಆಶ್ರಯ ಮನೆಗಳನ್ನು ಕಂಡು ‘ಜನಕ್ಕೆ ಮನೆ ಬೇಕಿರಲಿಲ್ಲ, ಸಹಾಯಧನ ಬೇಕಿತ್ತು’ ಎಂದು ಮೂಗು ಮುರಿಯುವ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಕೊಡ ಹೊತ್ತು ಅರ್ಧ ಕಿಲೋಮೀಟರ್ ನಡೆಯಬೇಕಾದ ಹೆಂಗಸಿನ ಲೆಕ್ಕವನ್ನು ಅವರು ಹಾಕಿರುವುದಿಲ್ಲ.

ನೀವು ಕೇಳದಿದ್ದರೂ ಸಣ್ಣ ಪಟ್ಟಣಗಳ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ನಿಮ್ಮಂಥ ಊರು ನಾಳೆ ಪಟ್ಟಣ ಪಂಚಾಯಿತಿಯಾಗಬಹುದು ಮತ್ತು ಊರಿನವರು ಅದನ್ನು ಬಡ್ತಿಯೆಂದು ಸಂಭ್ರಮಿಸಬಹುದು. ನಮ್ಮಲ್ಲಿ 10ರಿಂದ 20 ಸಾವಿರ ಜನರಿರುವ ಊರು ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ. ಹಳ್ಳಿ ಪಟ್ಟಣವಾದ ದಿನವೇ ಉದ್ಯೋಗ ಖಾತ್ರಿ ಇಲ್ಲವಾಗುತ್ತದೆ, ಮನೆಗೆ ಸಿಗುತ್ತಿದ್ದ 90 ದಿನದ ಕೂಲಿಯೂ ಹೋಗುತ್ತದೆ, ಜಲ ಜೀವನದ ಬದಲಿಗೆ ಪಟ್ಟಣಗಳ ನೀರಿಗಾಗಿ 2021ರಲ್ಲಿ ಬಂದ ಅಮೃತ್ 2.0 ಯೋಜನೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆವಾಸ್ ಯೋಜನೆಯ ನಗರ ಭಾಗದಲ್ಲಿ ಸ್ವಂತ ಜಾಗದಲ್ಲಿ ಕಟ್ಟುವವರಿಗೆ ಕೇಂದ್ರ 1.50 ಲಕ್ಷ ಕೊಡುತ್ತದೆ ಎಂಬುದು ನಿಜ, ಆದರೆ ಬೀದಿಯ ಹಣ ಮತ್ತೆ ಬೇರೆಯೇ. 2023–24ರ ಕೇಂದ್ರ ಬಜೆಟ್ ಎರಡನೇ ಮತ್ತು ಮೂರನೇ ಹಂತದ ನಗರಗಳಿಗೆಂದು ವರ್ಷಕ್ಕೆ 10 ಸಾವಿರ ಕೋಟಿಯ ನಗರ ಮೂಲಸೌಕರ್ಯ ಅಭಿವೃದ್ಧಿ ನಿಧಿಯನ್ನು ಪ್ರಕಟಿಸಿತು. ಅದೂ ಸಾಲವೇ, ಅದರಲ್ಲೂ 50 ಸಾವಿರಕ್ಕಿಂತ ಕಡಿಮೆ ಜನರ ಊರುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಪುರಸಭೆ, ಪಟ್ಟಣ ಪಂಚಾಯಿತಿಗಳು ಹಳ್ಳಿಯ ಹಣದಿಂದಲೂ ಹೊರಗೆ, ನಗರದ ಈ ನಿಧಿಯಿಂದಲೂ ಹೊರಗೆ. ವಸತಿ ಸೌಕರ್ಯದ ವಿಷಯದಲ್ಲಿ ಹಳ್ಳಿಗಿಂತ ಇವುಗಳ ಸ್ಥಿತಿಯೇ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರು ಎಲ್ಲವನ್ನೂ ನುಂಗುತ್ತಿದೆಯೇ ಎಂಬ ನಿಮ್ಮ ಅನುಮಾನಕ್ಕೆ ನಾನು ಹೌದು ಎನ್ನಲಾರೆ, ಅಲ್ಲ ಎನ್ನಲೂ ಆಗದು. ಮೇಲೆ ಹೇಳಿದ ಜೇಬುಗಳಲ್ಲಿ ಹೆಚ್ಚಿನವು ಗ್ರಾಮೀಣ ಪ್ರದೇಶಕ್ಕೇ ಮೀಸಲು, ಅವುಗಳಿಗೆ ಬೆಂಗಳೂರು ಕೈ ಹಾಕುವಂತಿಲ್ಲ. ವ್ಯತ್ಯಾಸ ಇರುವುದು ಸಾಲ ಹುಟ್ಟಿಸುವ ಶಕ್ತಿಯಲ್ಲಿ. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲೇ 125 ಕೋಟಿ ರೂಪಾಯಿಯ ಬಾಂಡ್ (ಸಾಲಪತ್ರ) ಹೊರಡಿಸಿತು. ಅದಕ್ಕೆ ಆಸ್ತಿ ತೆರಿಗೆಯ ಬಲವಿತ್ತು, ಬೆನ್ನಿಗೆ ರಾಜ್ಯದ ಖಾತರಿಯೂ ಇತ್ತು. ನಿಮ್ಮೂರ ಪಂಚಾಯಿತಿಯ ಮನೆಗಂದಾಯವನ್ನು ನಂಬಿ ಯಾರೂ ಬಾಂಡ್ ಕೊಳ್ಳುವುದಿಲ್ಲ. ಆದರೆ ಇದಕ್ಕೊಂದು ಪರಿಹಾರವನ್ನೂ ಇದೇ ಬೆಂಗಳೂರಿನ ಅಂಚು ತೋರಿಸಿದೆ. 2005ರಲ್ಲಿ ನಗರದ ಸುತ್ತಲಿನ ಏಳು ನಗರಸಭೆಗಳು ಮತ್ತು ಒಂದು ಪುರಸಭೆಗೆ ಕುಡಿಯುವ ನೀರು ಒದಗಿಸಲು, ಎಂಟನ್ನೂ ಒಂದೇ ಗಂಟಾಗಿ ಕಟ್ಟಿ, ಒಂದು ನಿಧಿಯ ಹೆಸರಿನಲ್ಲಿ 100 ಕೋಟಿ ರೂಪಾಯಿ ಎತ್ತಲಾಯಿತು. ಒಬ್ಬೊಬ್ಬರಾಗಿ ಹೋಗಿದ್ದರೆ ಬರಿಗೈಲಿ ವಾಪಸಾಗಬೇಕಿದ್ದ ಊರುಗಳು ಒಟ್ಟಾಗಿ ಸಾಲಕ್ಕೆ ಅರ್ಹವಾದವು. 2007ರಲ್ಲಿ ಆ ಎಂಟೂ ಬೃಹತ್ ಬೆಂಗಳೂರಿನಲ್ಲಿ ಕರಗಿಹೋದವು. ಅದೇ ಗಂಟು ಕಟ್ಟುವ ಉಪಾಯ ದೂರದ ತಾಲ್ಲೂಕು ಪಟ್ಟಣಗಳಿಗೂ ಸಲ್ಲುತ್ತದೆ ಎಂದೇ ನಾನು ನಂಬಿದ್ದೇನೆ. ಇನ್ನು ರಾಜ್ಯದೊಳಗಿನ ಅಸಮಾನತೆಯ ಮಾತು ಹಳೆಯದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದಿತ್ತು.

ಈಗ ನೀವು ಮಾಡಬಹುದಾದ ಕೆಲಸ. ಮೊದಲು ಅಣ್ಣನ ನಿವೇಶನಕ್ಕೆ ಹಕ್ಕುಪತ್ರದ ಜೊತೆಗೆ ಇ-ಸ್ವತ್ತಿನ, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆಯ, ನಮೂನೆ 9 ಮತ್ತು 11ಎ ಆಗಿದೆಯೇ ನೋಡಿ. 36 ನಿವೇಶನಗಳಿಗೂ ಆಗಿದ್ದರೆ ಬಡಾವಣೆ ಪಂಚಾಯಿತಿಯ ದಾಖಲೆಯಲ್ಲಿದೆ ಎಂದರ್ಥ, ಆಗಿಲ್ಲವಾದರೆ ಬೇರೆ ಯಾವ ಅರ್ಜಿಗೂ ಮೊದಲು ಅದೇ ಆಗಬೇಕು. ಸಾರ್ವಜನಿಕ ಹಣ ಖರ್ಚಾಗಲು ಅಲ್ಲೊಂದು ಜನವಸತಿ ಇದೆ ಎಂದು ಯಾವುದಾದರೊಂದು ಪುಸ್ತಕ ಹೇಳಬೇಕು. ದಾಖಲೆಯೇ ಇಲ್ಲದೆ ದಶಕಗಳ ಕಾಲ ಇದ್ದ ಲಂಬಾಣಿ ತಾಂಡಾಗಳು ಈಚಿನ ವರ್ಷಗಳಲ್ಲಿ ಕಂದಾಯ ಗ್ರಾಮಗಳಾಗಿ ಹಕ್ಕುಪತ್ರ ಪಡೆದದ್ದರ ಹಿಂದಿನ ಹೋರಾಟವೂ ಬಹುಮಟ್ಟಿಗೆ ಇದಕ್ಕಾಗಿಯೇ.

ಎರಡನೆಯದಾಗಿ, ಮಾಹಿತಿ ಹಕ್ಕಿನಡಿ ಮೂರೇ ಕಾಗದ ಕೇಳಿ: ಬಡಾವಣೆಯ ಅನುಮೋದಿತ ನಕ್ಷೆ, ಊರಿನ ಜಲ ಜೀವನ್ ವಿಸ್ತೃತ ವರದಿಯಲ್ಲಿನ ಮನೆಗಳ ಪಟ್ಟಿ, ಕಳೆದ ಮೂರು ವರ್ಷಗಳ ಹಣಕಾಸು ಆಯೋಗದ ಅನುದಾನದ ಕ್ರಿಯಾ ಯೋಜನೆ. ಮೂವತ್ತು ದಿನದಲ್ಲಿ ಕೊಡಬೇಕು. ಮೂರನೆಯದರ ಬಹುಪಾಲನ್ನು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಬೆಂಗಳೂರಿನಲ್ಲಿ ಕುಳಿತೇ ನೋಡಬಹುದು. ಊರಿಗೆ ಹೋಗಿ ಜಗಳವಾಡುವ ಮೊದಲು ಅದನ್ನು ನೋಡಿಕೊಂಡು ಹೋದರೆ ‘ಅನುದಾನವಿಲ್ಲ’ ಎಂಬ ಮಾತನ್ನು ಯಾರೂ ಎರಡನೇ ಸಲ ಹೇಳುವುದಿಲ್ಲ.

ಕೊನೆಯದು ಕಾಲದ ಪ್ರಶ್ನೆ. ಮುಂದಿನ ವರ್ಷದ ಪಂಚಾಯಿತಿ ಯೋಜನೆ ತಯಾರಾಗುವುದು ಅಕ್ಟೋಬರ್ 2ರಂದು ಶುರುವಾಗುವ ಅಭಿಯಾನದ ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ. ಯುಗಾದಿಗೆ ಊರಿಗೆ ಹೋದಾಗ ಅರ್ಜಿ ಕೊಟ್ಟರೆ ಆ ವರ್ಷದ ಕ್ರಿಯಾ ಯೋಜನೆ ಮುಗಿದಿರುತ್ತದೆ. ದಸರಾ ರಜೆಗೆ ಹೋಗಿ. 36 ಹಕ್ಕುಪತ್ರದವರೂ, ಇನ್ನೂ ಹಳೆಯ ಮನೆಯಲ್ಲಿರುವವರೂ, ವಾರ್ಡ್ ಸಭೆಯಲ್ಲಿ ಒಟ್ಟಿಗೆ ಕುಳಿತು ಕೇಳಬೇಕಾದದ್ದು ‘ಸೌಕರ್ಯ ಕೊಡಿ’ ಎಂದಲ್ಲ. ಮೊದಲ ವರ್ಷ ನೈರ್ಮಲ್ಯದ ಹಣದಲ್ಲಿ ಚರಂಡಿ, ನೀರಿನ ಹಣದಲ್ಲಿ ಪೈಪು ಮತ್ತು ನಲ್ಲಿ, ಅವು ಮುಗಿದ ಮೇಲೆ ಎರಡನೇ ವರ್ಷ ರಸ್ತೆ ಎಂದು ಕ್ರಮವಾಗಿ ಕೇಳಿ, ನಡಾವಳಿಯಲ್ಲಿ ಅದೇ ಕ್ರಮದಲ್ಲಿ ಬರೆಸಿ, ಪ್ರತಿ ಪಡೆದುಕೊಳ್ಳಿ. ರಸ್ತೆಯನ್ನು ಮೊದಲು ಕೇಳಿದರೆ ಬೇಗ ಸಿಕ್ಕಿಬಿಡುತ್ತದೆ, ಏಕೆಂದರೆ ರಸ್ತೆಗೆ ಭೂಮಿಪೂಜೆ ಉಂಟು. ಆಮೇಲೆ ಅದೇ ಕಾಂಕ್ರೀಟನ್ನು ಪೈಪಿಗಾಗಿ ಅಗೆಯುತ್ತಾರೆ, ಅಗೆದದ್ದನ್ನು ಮುಚ್ಚಲು ಮತ್ತೆ ಅನುದಾನವಿರುವುದಿಲ್ಲ. ಚರಂಡಿಯ ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರಬೇಕು ಎಂಬುದನ್ನೂ ಎಂಜಿನಿಯರ್ ನಕ್ಷೆಯ ಮೇಲೆ ಗುರುತು ಮಾಡಿಕೊಡಲಿ. ಎರಡು ಎಕರೆಯ ಇಳಿಜಾರು ಯಾವ ಕಡೆಗಿದೆ ಎಂಬುದು ಮೊದಲ ಮಳೆಗೆ ಮುಂಚೆ ಗೊತ್ತಿರುವುದು ಒಳ್ಳೆಯದು. ಕಂಬದ ವಿಚಾರವನ್ನು ಬಡಾವಣೆಯ ನಕ್ಷೆಯನ್ನು ಲಗತ್ತಿಸಿ ಪ್ರತ್ಯೇಕ ಅರ್ಜಿಯಾಗಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಡಿ, ಏಕೆಂದರೆ ವಸತಿ, ನೀರು, ಪಂಚಾಯಿತಿಗಳ ಕಡತಗಳೆಲ್ಲ ಜಿಲ್ಲೆಯಲ್ಲಿ ಒಟ್ಟಿಗೆ ಬರುವುದು ಅವರ ಮೇಜಿಗೆ.